ಗಾಳಿ ತಿಂದ ಕಿವಿ, ಮಗಳ ಹೆಲ್ಮೆಟ್ಟು

ಗದಗ
ಇಸವಿ ಎರಡು ಸಾವಿರದ ನೂರಾ ಮೂವತ್ತೊಂಬತ್ತು
ಆಷಾಢದ ಗಾಳಿ ಶುರುವಾದ ಹನ್ನೊಂದನೇ ದಿನ

ನನಗಿಂತ ನೂರು ವರ್ಷ ಮೊದಲು ಎರಡು ಚಕ್ರದ ಗಾಡಿ ಏರಿ ದುಡಿಮೆಗೆ ಹೊರಡುವ ಹಿರಿಯರಿಗೆ ಕೊಟ್ರಬಸಪ್ಪ ಬಡಿಗೇರನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ನಕ್ಕಿರಬಹುದು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳೂ ಬರುತ್ತವೆ. ಎರಡಕ್ಕೂ ಕ್ಷಮೆ ಇರಲಿ. ನಮ್ಮ ಕಾಲದಲ್ಲಿ ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ಹಿಂದಿನವರಿಗೆ ಒಂದು ಕಾಗದ ಬರೆಯುವ ಅವಕಾಶ ಉಂಟು. ಅದನ್ನು ಹಿನ್ನೋಲೆ ಎನ್ನುತ್ತೇವೆ. ಜೀವಮಾನಕ್ಕೆ ಒಂದೇ. ಹೆಚ್ಚಿನವರು ನೀರಿನ ಬಗ್ಗೆಯೋ ಬೀಜದ ಬಗ್ಗೆಯೋ ಬರೆಯುತ್ತಾರೆ. ನಾನು ಹೆಲ್ಮೆಟ್ಟಿನ ಬಗ್ಗೆ ಬರೆಯುತ್ತೇನೆ ಎಂದಾಗ ಕಚೇರಿಯ ಹುಡುಗಿ ಎರಡು ಸಲ ಕೇಳಿ ಖಚಿತಮಾಡಿಕೊಂಡಳು. ಅವಳ ಪ್ರಶ್ನೆಯನ್ನು ನಾನು ಓದಿದ್ದು ಅವಳ ತುಟಿಯಿಂದ. ನನ್ನ ಎರಡೂ ಕಿವಿಗಳು ಈಗ ಕೇಳುವುದಿಲ್ಲ.

ನಿಮ್ಮ ಮೋಟರ್‌ಸೈಕಲ್ಲಿನ ವಂಶದ ಗಾಡಿಯನ್ನು ನಾವು ಮೌನಿ ಎಂದು ಕರೆಯುತ್ತೇವೆ, ಏಕೆಂದರೆ ಅದರ ಯಂತ್ರಕ್ಕೆ ಸದ್ದೇ ಇಲ್ಲ. ಕಪ್ಪತಗುಡ್ಡದ ಸಾಲಿನ ಗಾಳಿಗಿರಣಿಗಳು ಜೋರಾಗಿ ತಿರುಗುವ ಹೊತ್ತಿನಲ್ಲಿ ಅದಕ್ಕೆ ವಿದ್ಯುತ್ತು ಪುಕ್ಕಟೆ ಸಿಗುತ್ತದೆ. ಆ ಹೊತ್ತಿಗೆ ಗಾಳಿಪಾಳಿ ಎಂದು ಹೆಸರು. ನಮ್ಮ ಊರು ಗಡಿಯಾರಕ್ಕಿಂತ ಗಾಳಿಪಾಳಿಯನ್ನೇ ಹೆಚ್ಚು ನಂಬುತ್ತದೆ. ಹಿಟ್ಟಿನ ಗಿರಣಿ ಆಗಲೇ ಓಡುತ್ತದೆ, ಬಟ್ಟೆಗೆ ಇಸ್ತ್ರಿ ಆಗಲೇ ಬೀಳುತ್ತದೆ, ಸವಾರರು ಆಗಲೇ ಹೊರಡುತ್ತಾರೆ. ಗಾಳಿ ಇಲ್ಲದ ದಿನ ಹೆಂಗಸರೂ ಗಂಡಸರೂ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಾರೆ. ನಾನು ಹತ್ತೊಂಬತ್ತು ವರ್ಷ ಔಷಧಿ ಸವಾರನಾಗಿದ್ದೆ. ಗದಗಿನಿಂದ ಮುಂಡರಗಿಯ ಕಡೆಯ ಹಳ್ಳಿಗಳಿಗೆ ಔಷಧಿ ಮುಟ್ಟಿಸಿ, ಅಲ್ಲಿಂದ ರಕ್ತದ ಶೀಶೆಗಳನ್ನು ತರುವುದು ನನ್ನ ಕೆಲಸ. ಗಾಡಿಗೆ ಸದ್ದಿಲ್ಲದಿದ್ದರೂ ನಾವು ಹೋಗುತ್ತಿದ್ದದ್ದು ಗಾಳಿ ಹೊಡೆಯುವ ಹೊತ್ತಿನಲ್ಲೇ. ಹಾಗಾಗಿ ಸವಾರನ ತಲೆಯ ಸುತ್ತ ಇಡೀ ದಾರಿ ಗಾಳಿಯದೇ ಆರ್ಭಟ.

ನನ್ನ ಮೊದಲ ಹೆಲ್ಮೆಟ್ಟನ್ನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೊಂಡೆ. ಅದರ ಮೇಲೆ ಕೆಂಪು ಗರುಡನ ಚಿತ್ರವಿತ್ತು. ಅಂಗಡಿಯಲ್ಲಿ ಒಮ್ಮೆ ತಲೆಗೆ ಹಾಕಿ, ಎಲ್ಲೂ ಒತ್ತುವುದಿಲ್ಲ ಎಂದು ಖುಷಿಪಟ್ಟು ಹಾಗೇ ಹೊರಬಂದೆ. ಒತ್ತದೇ ಇದ್ದದ್ದು ಅದು ಒಂದು ಅಳತೆ ದೊಡ್ಡದಾಗಿದ್ದರಿಂದ. ದಾರಿಗೆ ಬಿದ್ದ ಕೂಡಲೇ ಗದ್ದದ ಕೆಳಗಿನಿಂದ ಗಾಳಿ ನುಗ್ಗಿ ಕಿವಿಯ ಹತ್ತಿರ ಬಡಿಯತೊಡಗಿತು. ಆ ಸದ್ದು ನನಗೆ ಹಿಡಿಸಿತು. ಅದರಲ್ಲಿ ವೇಗ ಇದೆ, ಗಂಡಸುತನ ಇದೆ ಎಂದು ಭಾವಿಸಿದ್ದೆ. ಸಂಜೆ ಮನೆಗೆ ಬಂದರೆ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತಿತ್ತು, ಬೆಳಿಗ್ಗೆಗೆ ಸರಿಹೋಗುತ್ತಿತ್ತು. ಕೆಲವು ವರ್ಷಗಳ ನಂತರ ಬೆಳಿಗ್ಗೆಯೂ ಹೋಗದಾಯಿತು. ನಲವತ್ತೊಂದರಲ್ಲಿ ಬೆನ್ನುನೋವಿನ ನೆಪ ಹೇಳಿ ಸವಾರಿ ಬಿಟ್ಟು, ಸವಾರರಿಗೆ ಪಾಳಿ ಹಂಚುವ ಕೆಲಸಕ್ಕೆ ಕೂತೆ. ಅಷ್ಟರಲ್ಲಿ ಬಲಗಿವಿ ಪೂರ್ತಿ ಸತ್ತಿತ್ತು. ಅದು ಗೊತ್ತಿದ್ದವಳು ನನ್ನ ಹೆಂಡತಿ ಫಕೀರವ್ವ ಒಬ್ಬಳೇ. ಅವಳ ಬಾಯಿಗೆ ನಾನೇ ಆಣೆ ಇಟ್ಟಿದ್ದೆ.

ಮುಚ್ಚಿಟ್ಟಿದ್ದೇಕೆ ಎಂದು ನೀವು ಕೇಳಬಹುದು. ಹೊಸ ಸವಾರರು ಬಂದು ಗಾಳಿಯ ಸದ್ದಿಗೆ ತಲೆ ನೋಯುತ್ತದೆ ಎಂದಾಗಲೆಲ್ಲ "ಸದ್ದಿಗೆ ಹೆದರೋರು ಮನ್ಯಾಗ ಇರ್ರಿ" ಎಂದು ನಗೆಯಾಡಿದವನು ನಾನೇ. ಅವರಲ್ಲಿ ಎಷ್ಟು ಜನ ನನ್ನ ಮಾತು ಕೇಳಿ ತೆಪ್ಪಗಾದರೋ ನನಗೆ ಗೊತ್ತಿಲ್ಲ. ಅಂಥವನು ಯಾವ ಮುಖದಲ್ಲಿ ನನ್ನ ಕಿವಿ ಹೋಯಿತು ಎನ್ನಲಿ?

ನಮಗೆ ಒಬ್ಬಳೇ ಮಗಳು, ಸಾವಂತ್ರಿ. ಚಿಕ್ಕಂದಿನಲ್ಲಿ ಬಾಯಿಗೆ ಬಿಡುವಿಲ್ಲದ ಮಗು. ಬೆಳೆಯುತ್ತ ನನ್ನೊಂದಿಗೆ ಮಾತು ಕಡಿಮೆ ಮಾಡಿದಳು. ಹದಿನೆಂಟಾದ ಮೇಲಂತೂ ಊಟಕ್ಕೆ ಕರೆಯುವುದು ಬಿಟ್ಟರೆ ನಮ್ಮಿಬ್ಬರ ನಡುವೆ ಏನೂ ಉಳಿಯಲಿಲ್ಲ. ವಯಸ್ಸಿನ ಗುಣ ಎಂದುಕೊಂಡೆ. ಇಪ್ಪತ್ತಕ್ಕೆ ಅವಳು ತಾನಾಗಿಯೇ ಪರೀಕ್ಷೆ ಕಟ್ಟಿ ಔಷಧಿ ಸವಾರಳಾಗಿ ಆಯ್ಕೆಯಾದಳು. ಆ ಸುದ್ದಿಯೂ ನನಗೆ ಬಂದದ್ದು ಫಕೀರವ್ವನ ಮೂಲಕ. ಹೆಲ್ಮೆಟ್ಟು ಕೊಡಿಸಲು ತಾಯಿಯನ್ನು ಕರೆದಳು. ಫಕೀರವ್ವ ಮಂಡಿನೋವು ಎಂದು ಹೇಳಿ ನನ್ನನ್ನು ಕಳಿಸಿದಳು. ಅವಳ ಮಂಡಿಗೆ ಅವತ್ತು ಏನೂ ಆಗಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾಜಾಬಿಯ ಹೆಲ್ಮೆಟ್ಟಿನ ಅಂಗಡಿ. ಐವತ್ತರ ಆಸುಪಾಸಿನ ಹೆಂಗಸು. ಕೊರಳಿಗೆ ಸದಾ ಒಂದು ಅಳತೆ ಪಟ್ಟಿ, ದರ್ಜಿಗಳು ಹಾಕಿಕೊಂಡಂತೆ. ಸಾವಂತ್ರಿಯ ಕಣ್ಣು ಮೇಲಿನ ಸಾಲಿನ ದುಬಾರಿ ಹೆಲ್ಮೆಟ್ಟಿನ ಮೇಲೆ ಹೋಯಿತು. ಹೊಸ ಸವಾರಳ ಸಂಬಳಕ್ಕೆ ಅದು ಎಟುಕುವಂಥದ್ದಲ್ಲ.

"ಅದರಾಗ ಗಾಳಿ ಸದ್ದು ಬರೂದಿಲ್ಲಂತ ಹೌದೇನ್ರಿ?" ಎಂದು ಕೇಳಿದಳು.

"ತಲಿಗೆ ಸರಿ ಕೂರಲಿಲ್ಲಂದ್ರ ಅದೂ ಹಾಡತೈತಿ ತಂಗಿ. ಮೊದಲು ತಲಿ ಅಳೀತೀನಿ, ಕೂಡು."

ಖಾಜಾಬಿ ಹುಬ್ಬಿನ ಮೇಲಿಂದ ಪಟ್ಟಿ ಸುತ್ತಿ ಅಳೆದಳು. ಆಮೇಲೆ ತಲೆಯನ್ನು ಮೇಲಿನಿಂದ ನೋಡಿ ಅದು ದುಂಡೋ ಉದ್ದವೋ ಎಂದು ಪರೀಕ್ಷಿಸಿದಳು. ಕೆಳಗಿನ ಸಾಲಿನಿಂದ ಮೂರು ಹೆಲ್ಮೆಟ್ಟು ತೆಗೆದಳು. ಮೂರಕ್ಕೂ ಸರ್ಕಾರದ ಪರೀಕ್ಷೆಯ ಮುದ್ರೆ ಇತ್ತು. ಆ ಮುದ್ರೆ ಇಲ್ಲದ್ದನ್ನು ಅವಳು ಅಂಗಡಿಯೊಳಗೆ ಇಡುತ್ತಿರಲಿಲ್ಲ. ಯಾರೋ ಬಳಸಿ ಬಿಟ್ಟದ್ದನ್ನೂ ಇಡುತ್ತಿರಲಿಲ್ಲ, ಒಳಗಿನ ಪದರ ಒಮ್ಮೆ ಪೆಟ್ಟು ತಿಂದಿದ್ದರೆ ಹೊರಗಿನಿಂದ ಕಾಣುವುದಿಲ್ಲವಂತೆ. ಮುದ್ರೆ ಇದ್ದು, ಅಳತೆ ಸರಿ ಇದ್ದರೆ, ಅದರ ಮೇಲೆ ಕೊಡುವ ಹೆಚ್ಚಿನ ಬೆಲೆಯಲ್ಲಿ ಬಹುಪಾಲು ಹಗುರಕ್ಕೆ, ಬಣ್ಣಕ್ಕೆ, ಹೆಸರಿಗೆ ಎಂದು ಅವಳು ಹೇಳಿದಳು. ತಾನೇ ಮಾರುವ ದುಬಾರಿ ಮಾಲಿನ ಬಗ್ಗೆ ಹಾಗೆ ಮಾತಾಡಿದ ವ್ಯಾಪಾರಿಯನ್ನು ನಾನು ಮತ್ತೆ ನೋಡಿಲ್ಲ.

ಮೊದಲನೆಯದು ಹಣೆಯ ಮೇಲೆ ಒಂದೇ ಕಡೆ ಒತ್ತಿತು. ಎರಡನೆಯದನ್ನು ಹಾಕಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ತಲೆಗಿಂತ ತಡವಾಗಿ ತಿರುಗಿತು. ಮೂರನೆಯದು ಬೂದಿ ಬಣ್ಣದ್ದು, ಒಂದು ಗೆರೆ ಚಿತ್ರವೂ ಇಲ್ಲದ್ದು. ಅದು ಕೆನ್ನೆಯನ್ನು ಎರಡೂ ಕಡೆ ಸಮನಾಗಿ ಹಿಡಿಯಿತು. ಬೆಲ್ಟು ಬಿಗಿದು ಖಾಜಾಬಿ ಹಿಂದಿನಿಂದ ಮೇಲಕ್ಕೆತ್ತಿ ಜಗ್ಗಿದಳು, ಜಾರಿಬರಲಿಲ್ಲ. ಚಹಾ ತರಿಸಿ, ನಾವು ಕುಡಿದು ಮುಗಿಸುವತನಕ ಸಾವಂತ್ರಿ ಅದನ್ನು ಹಾಕಿಕೊಂಡೇ ಇರಬೇಕೆಂದಳು. ತಲೆಯಲ್ಲಿ ಎಲ್ಲೂ ನೋವು ಬರಲಿಲ್ಲ.

ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆಯಲ್ಲಿ ಖಾಜಾಬಿ ದೊಡ್ಡ ಗಾಳಿಯಂತ್ರ ಇಟ್ಟಿದ್ದಳು. ಹೆಲ್ಮೆಟ್ಟು ಹಾಕಿ ಅದರೆದುರು ಕೂತರೆ ದಾರಿಯ ಮೇಲಿದ್ದಂತೆಯೇ ಅನಿಸುತ್ತಿತ್ತು. ಸಾವಂತ್ರಿ ಕೂತು, ಸದ್ದು ಗದ್ದದ ಕೆಳಗಿನಿಂದ ಬರುತ್ತಿದೆ ಎಂದಳು. ಖಾಜಾಬಿ ಅವಳ ಕುತ್ತಿಗೆಗೆ ಮೆತ್ತನೆಯ ಬಟ್ಟೆ ಸುತ್ತಿದಳು, ಸದ್ದು ಕುಗ್ಗಿತು. ಕಿವಿಗೆ ಸ್ಪಂಜಿನ ಬಿರಡೆ ಹಾಕಿಸಿದಳು, ಇನ್ನೂ ಕುಗ್ಗಿತು. ಆಗ ನಾನು ಸುಮ್ಮನಿರಲಾರದೆ "ಕಿವಿ ಮುಚ್ಚಿಕೊಂಡು ಗಾಡಿ ಹೊಡೀತಾರೇನು? ಹಿಂದಿನ ಹಾರ್ನು ಹೆಂಗ ಕೇಳಸ್ತೈತಿ?" ಎಂದೆ.

ಖಾಜಾಬಿ ಹೊರಗೆ ನಿಂತಿದ್ದ ಗಾಡಿಯ ಹಾರ್ನು ಬಾರಿಸಿ ತೋರಿಸಿದಳು. ಬಿರಡೆ ಹಾಕಿದಾಗಲೇ ಅದು ಸ್ಪಷ್ಟವಾಗಿ ಕೇಳುತ್ತದೆ ಎಂದು ಸಾವಂತ್ರಿ ಬೆರಗಾದಳು. ಗಾಳಿಯ ಮೊರೆತ ಇಳಿದರೆ ಉಳಿದ ಸದ್ದು ಮೇಲೆ ಬರುತ್ತದಂತೆ. ನಾನು ಒಪ್ಪಲಿಲ್ಲ.

"ನೀವು ಹಳೇ ಸವಾರರು ಬಡಿಗೇರಣ್ಣಾ. ನೀವೂ ಒಮ್ಮೆ ಕೂಡ್ರಿ," ಎಂದು ಖಾಜಾಬಿ ನನ್ನ ಅಳತೆಯ ಒಂದು ಹೆಲ್ಮೆಟ್ಟು ಕೊಟ್ಟಳು. ಅದು ರಿಪೇರಿಗೆ ಬಂದದ್ದು. ಬಲಗಡೆ ಮುಖದ ಗಾಜಿನ ತಿರುಪು ಸಡಿಲವಾಗಿ ಬೆರಳು ತೂರುವಷ್ಟು ಸಂದಿ ಬಿದ್ದಿತ್ತು. ನನಗೆ ಅದು ಗೊತ್ತಿರಲಿಲ್ಲ. ಯಂತ್ರ ಶುರುವಾದಾಗ ಆ ಸಂದಿಯಲ್ಲಿ ಗಾಳಿ ಕುಕ್ಕರಿನ ಸೀಟಿಯಂತೆ ಕೂಗಿತಂತೆ. ಬಾಗಿಲಲ್ಲಿ ನಿಂತ ಮಗಳು ಕಿವಿ ಮುಚ್ಚಿಕೊಂಡಳಂತೆ. ಖಾಜಾಬಿ ಎದುರು ಬಂದು ಯಾವ ಕಡೆ ಸದ್ದು ಹೆಚ್ಚು ಎಂದು ಕೈಸನ್ನೆಯಲ್ಲಿ ಕೇಳಿದಳು. ನಾನು ಎಡಗಡೆ ತೋರಿಸಿದೆ.

ಅವಳು ಯಂತ್ರ ನಿಲ್ಲಿಸಿದಳು. ನನ್ನಿಂದ ಹೆಲ್ಮೆಟ್ಟು ತೆಗೆಸಿ, ನನ್ನ ಬಲಕ್ಕೆ ನಿಂತು ಏನೋ ಕೇಳಿದಳಂತೆ. ನಾನು ಕೈಯಲ್ಲಿದ್ದ ಹೆಲ್ಮೆಟ್ಟಿನ ಬೆಲ್ಟು ಸರಿಮಾಡುತ್ತಲೇ ಇದ್ದೆ. ತಲೆ ಎತ್ತಿದಾಗ ಸಾವಂತ್ರಿಯ ಮುಖ ಬಿಳಿಚಿಕೊಂಡಿತ್ತು. ಖಾಜಾಬಿ ಕೇಳಿದ್ದು ಇಷ್ಟು: "ಈ ಕಿವಿ ಹೋಗಿ ಎಷ್ಟು ವರ್ಷ ಆತ್ರಿ?"

ಮಗಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಪ್ಪಾ, ಎರಡು ವರ್ಷದ ಹಿಂದ ಕಟ್ಟಿ ಮ್ಯಾಲೆ ಕುಂತಾಗ ನಾ ಒಂದು ಮಾತು ಕೇಳಿದ್ದೆ. ನೀ ಓಣಿ ಕಡೆ ನೋಡಿಕೋತ ಸುಮ್ಮ ಇದ್ದಿ. ಕೇಳಸಲಿಲ್ಲೇನು ನಿನಗ?"

"ಯಾವ ಕಡೆ ಕುಂತಿದ್ದಿ ನೀ?"

ಅವಳು ನನ್ನ ಬಲಗಡೆಗೆ ಕೈ ತೋರಿಸಿದಳು.

"ನಾನೂ ನಿನ್ನಂಗ ಔಷಧಿ ಸವಾರ ಆಗ್ಲೇನು ಅಂತ ಕೇಳಿದ್ದೆ. ನಿನಗ ಸಿಟ್ಟು ಬಂತು, ಮುಖಾನೂ ನೋಡವಲ್ಲಿ ಅಂದ್ಕೊಂಡೆ. ಅದಕ್ಕ ಮಾತು ಬಿಟ್ಟೆ."

ಎರಡು ವರ್ಷ ನನ್ನ ಮಗಳು ನನ್ನ ಮನೆಯಲ್ಲೇ ನನ್ನಿಂದ ತಿರಸ್ಕೃತಳಾಗಿ ಬದುಕಿದ್ದಳು. ನಾನು ಅಳುವವನಲ್ಲ. ಅವತ್ತು ಪರರ ಅಂಗಡಿಯಲ್ಲಿ, ಗಿರಾಕಿಗಳು ಬಾಗಿಲಲ್ಲಿ ನಿಂತಿರುವಾಗ ಅತ್ತೆ. ಮುಚ್ಚಿಟ್ಟದ್ದೆಲ್ಲ ಹೇಳಿದೆ, ಗರುಡನ ಚಿತ್ರದಿಂದ ಹಿಡಿದು ಹೊಸ ಸವಾರರನ್ನು ಹಂಗಿಸಿದ್ದರವರೆಗೆ. ಖಾಜಾಬಿ ಅಂಗಡಿಯ ಅರ್ಧ ಬಾಗಿಲು ಎಳೆದು ಹೊರಗೆ ಹೋಗಿ ಕೂತಳು. ಸಾವಂತ್ರಿ ಎದ್ದು ನನ್ನ ಎಡಕ್ಕೆ ಬಂದು ಕೂತಳು. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು.

"ಆಗವ್ವಾ," ಎಂದೆ. "ಆದ್ರ ನನ್ನಂಗ ಆಗಬ್ಯಾಡ."

ಬೂದಿ ಬಣ್ಣದ್ದನ್ನೇ ತಂದೆವು. ಮರುವಾರವಿಡೀ ಅವಳು ಡಂಬಳದ ದಾರಿಯಲ್ಲಿ ಹೋಗಿಬರುವುದು, ನಾನು ದಾರಿಬದಿಯಲ್ಲಿ ಕಾದು ಸದ್ದು ಹೇಗಿತ್ತು ಎಂದು ವಿಚಾರಿಸುವುದು ನಡೆಯಿತು. ಒಂದು ಕಡೆ ಅವಳು ಬೆನ್ನು ಬಗ್ಗಿಸಿ ತಲೆ ತಗ್ಗಿಸಿದಾಗ ಸದ್ದು ಒಮ್ಮೆಲೇ ನಿಂತಿತು ಎಂದಳು. ತಪ್ಪು ಗಾಡಿಯ ಮುಂದಿನ ಗಾಜಿನದು. ಅದು ಗಾಳಿಯನ್ನು ಎತ್ತಿ ನೇರ ಅವಳ ಹಣೆಗೆ ಎಸೆಯುತ್ತಿತ್ತು. ಅದನ್ನು ನಾಲ್ಕು ಬೆರಳು ಇಳಿಸಿದೆವು. ಉತ್ಸಾಹದಲ್ಲಿ ನಾನು ಹೆಲ್ಮೆಟ್ಟಿನೊಳಗೆ ಹತ್ತಿ ತುರುಕಲು ಹೋಗಿ ಖಾಜಾಬಿಯಿಂದ ಬೈಸಿಕೊಂಡೆ. ಒಳಗೆ ಏನನ್ನೂ ಸೇರಿಸಬಾರದು, ಏನನ್ನೂ ಕೊರೆಯಬಾರದು, ಅದು ತಲೆಗೆ ಕೂರುವ ರೀತಿಯೇ ಕೆಡುತ್ತದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ವೇಗ ಇಳಿಸಿದ್ದು. ಅದಕ್ಕೆ ಖರ್ಚೇ ಇಲ್ಲ. ಆ ತಿಂಗಳೇ ನಾನು ಸವಾರರ ಸಭೆಯಲ್ಲಿ ಎದ್ದು ನಿಂತು ನನ್ನ ಕಿವಿಯ ವಿಷಯ ಹೇಳಿದೆ. ಮುಗಿದ ಮೇಲೆ ಮೂವರು ಒಬ್ಬೊಬ್ಬರಾಗಿ ಬಂದು ತಮಗೂ ಹಾಗೇ ಆಗಿದೆ ಎಂದರು. ಮೂವರೂ ನನ್ನ ಕೈಕೆಳಗೆ ಕಲಿತವರು. ಅವರ ಕ್ಷಮೆ ಕೇಳಿದೆ. ಒಬ್ಬ ಕ್ಷಮಿಸಿದ, ಇಬ್ಬರು ತಮ್ಮ ಗಾಡಿಯತ್ತ ನಡೆದರು.

ನಾಲ್ಕನೇ ವರ್ಷದ ಆಷಾಢದಲ್ಲಿ ಅಡ್ಡಗಾಳಿಗೆ ಸಾವಂತ್ರಿಯ ಗಾಡಿ ಮಗುಚಿತು. ಬೂದಿ ಹೆಲ್ಮೆಟ್ಟು ಎಡಗಡೆ ಸೀಳಿತು. ಅವಳು ಕೈ ಮುರಿದುಕೊಂಡು ಎದ್ದು ಬಂದಳು, ತಲೆಗೆ ಏನೂ ಆಗಿರಲಿಲ್ಲ. ಖಾಜಾಬಿ ಆ ಹೆಲ್ಮೆಟ್ಟನ್ನು ಇಸಿದುಕೊಂಡು, ಯಾರೂ ಮತ್ತೆ ಹಾಕದಂತೆ ಕಲ್ಲಿನಿಂದ ಜಜ್ಜಿದಳು. ಈಗ ಸಾವಂತ್ರಿಗೆ ನಲವತ್ತೊಂದು. ಅವಳ ಕಿವಿ ನೆಟ್ಟಗಿದೆ.

ನನ್ನ ಎಡಗಿವಿಯೂ ಹೋಗಿ ಆರು ವರ್ಷವಾಯಿತು. ಮೊಮ್ಮಗಳಿಗೆ ಈಗ ಐದು. ಅವಳ ದನಿ ದಪ್ಪವೋ ತೆಳುವೋ ನನಗೆ ಗೊತ್ತಿಲ್ಲ. ಫಕೀರವ್ವನನ್ನು ಕೇಳಿದರೆ ನಿಮ್ಮವ್ವನ ದನಿಯಂತೆ ಎಂದು ಹಲಗೆಯ ಮೇಲೆ ಬರೆದು ತೋರಿಸಿದಳು. ನನ್ನ ತಾಯಿಯ ದನಿ ಈಗ ನನಗೆ ನೆನಪಾಗುತ್ತಿಲ್ಲ.

ಹಿರಿಯರೇ, ಗಾಳಿಪಾಳಿ ಮುಗಿಯುತ್ತ ಬಂತು, ಕಾಗದ ಒಪ್ಪಿಸಬೇಕು. ನೀವು ಕೊಳ್ಳುವ ಹೆಲ್ಮೆಟ್ಟು ಅಗ್ಗದ್ದೇ ಇರಲಿ, ನಾಚಿಕೆ ಬೇಡ. ಆದರೆ ಅಂಗಡಿಯಲ್ಲಿ ಅವಸರ ಮಾಡಬೇಡಿ. ಅದು ಕೆನ್ನೆಯನ್ನು ಬಿಗಿಯಾಗಿ ಹಿಡಿಯುವವರೆಗೆ ಒಂದಾದ ಮೇಲೊಂದು ಹಾಕಿ ನೋಡಿ. ಸಂಜೆ ಕಿವಿಯಲ್ಲಿ ಏನಾದರೂ ಕೂಗಿದರೆ ಅದನ್ನು ಮುಚ್ಚಿಡದೆ ಅಂದೇ ಮನೆಯವರಿಗೆ ಹೇಳಿ. ನಿಮ್ಮ ಮಕ್ಕಳು ಯಾವ ಪಕ್ಕದಲ್ಲಿ ಕೂತು ಕೇಳಿದರೂ ಉತ್ತರ ಕೊಡುವ ಭಾಗ್ಯ ನಿಮಗಿರಲಿ.

ಇಂತಿ ನಿಮ್ಮ ಮುಂದಿನವನು,
ಕೊಟ್ರಬಸಪ್ಪ ಬಡಿಗೇರ