ನಾಲ್ಕು ಸುತ್ತಿನ ಗಂಟು

ಮಾರ್ಚ್ ೯, ಸಂಜೆ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಬಯ್ಯುವುದಾದರೆ ಪೂರ್ತಿ ಓದಿದ ಮೇಲೆ ಬಯ್ದುಕೋ. ದಾದಿಯ ತರಬೇತಿ ಹೇಗೆ ನಡೆದಿದೆ? ರೋಗಿಯನ್ನು ಎಬ್ಬಿಸದೆಯೇ ಹಾಸಿಗೆಯ ಬಟ್ಟೆ ಬದಲಾಯಿಸಲು ಕಲಿತೆ ಎಂದು ಬರೆದಿದ್ದೆಯಲ್ಲ, ಅದನ್ನು ನಮ್ಮ ಮರ ಸವರುವ ತಂಡದ ಮೇಸ್ತ್ರಿಗೆ ಹೇಳಿದೆ. "ನಮ್ಮ ಕೆಲಸದ ಥರಾನೇ ಬಿಡು. ಮೇಲಿರೋರು ಬೀಳಬಾರ್ದು, ಅಷ್ಟೇ," ಎಂದರು.

ನನ್ನ ಸುದ್ದಿಯೆಲ್ಲ ಒಂದು ಗಂಟಿನದು. ಶಾಲೆಯ ಅಂಗಳದ ದೊಡ್ಡ ಮರ ನಿನಗೆ ನೆನಪಿರಬೇಕು. ಅದರ ನೆತ್ತಿಯಲ್ಲಿ ಕೆಲವು ಕೊಂಬೆಗಳು ಒಣಗಿ, ಮಕ್ಕಳು ಆಡುವ ಜಾಗದ ಮೇಲೇ ತೂಗುತ್ತಿವೆ. ಅಷ್ಟು ತೆಳ್ಳನೆಯ ತುದಿಯವರೆಗೆ ಹೋಗಬಲ್ಲವಳು ನಮ್ಮ ತಂಡದಲ್ಲಿ ನಾನೊಬ್ಬಳೇ. ಈ ತಿಂಗಳೊಳಗೆ ಯಾರೂ ಹತ್ತದಿದ್ದರೆ ಶಾಲೆಯವರು ಬುಡಕ್ಕೇ ಗರಗಸ ಇಡಿಸುತ್ತಾರಂತೆ. ಬೆರಳು ಒಣಗಿತೆಂದು ಕೈಯನ್ನೇ ಕತ್ತರಿಸುವ ಈ ನ್ಯಾಯವನ್ನು ನಾನು ಒಪ್ಪುವುದಿಲ್ಲ. ಹತ್ತಿಯೇ ತೀರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಹತ್ತುವಾಗ ನಮ್ಮ ಜೀವವೆಲ್ಲ ಇರುವುದು ಹಿಡಿಗಂಟಿನಲ್ಲಿ. ಮೇಲಿನಿಂದ ಇಳಿಬಿಟ್ಟ ದಪ್ಪ ಹಗ್ಗಕ್ಕೆ ಒಂದು ಸಣ್ಣ ಹಗ್ಗವನ್ನು ಸುತ್ತಿ ಸೊಂಟದ ಪಟ್ಟಿಗೆ ಸೇರಿಸುತ್ತೇವೆ. ಕೈಯಿಂದ ತಳ್ಳಿದರೆ ಜಾರುತ್ತದೆ, ಮೈಭಾರ ಬಿಟ್ಟರೆ ಕಚ್ಚಿ ಹಿಡಿಯುತ್ತದೆ. ಇದನ್ನು ಕಟ್ಟುವುದರಲ್ಲಿ ಒಬ್ಬೊಬ್ಬರದು ಒಂದೊಂದು ಬಗೆ. ಒಬ್ಬರ ಗಂಟನ್ನು ಇನ್ನೊಬ್ಬರು ಪರೀಕ್ಷಿಸಿದ ಮೇಲೆಯೇ ಹತ್ತಬೇಕೆಂಬುದು ನಮ್ಮಲ್ಲಿನ ಪದ್ಧತಿ. ಆದರೆ ತನಗೇ ಬಾರದ ಗಂಟನ್ನು ಪರೀಕ್ಷಿಸುವವನು ಸುಮ್ಮನೆ ತಲೆಯಾಡಿಸುತ್ತಾನೆ, ಅಷ್ಟೇ. ಇದನ್ನು ನನ್ನಿಂದ ಸಹಿಸಲಾಗಲಿಲ್ಲ. ಕಾರ್ಮಿಕರ ಸುರಕ್ಷತೆಯ ಕರಪತ್ರವನ್ನು ಕೈಯಲ್ಲಿ ಹಿಡಿದು, ಎಲ್ಲರಿಗೂ ಒಂದೇ ಗಂಟಿರಬೇಕು, ಅದನ್ನು ಎಲ್ಲರೂ ಸೇರಿ ಆರಿಸಬೇಕು ಎಂದು ಸಲಕರಣೆ ಕೋಣೆಯಲ್ಲಿ ಸಭೆ ಕರೆದೆ.

"ಗಂಟಿಗೂ ಚುನಾವಣೆನಾ ತಾಯಿ?" ಎಂದ ಉದ್ದಣ್ಣ. ನಿಂತರೆ ಅವನ ತಲೆ ಕೋಣೆಯ ದೀಪಕ್ಕೆ ತಾಗುತ್ತದೆ, ಅದಕ್ಕೇ ಆ ಹೆಸರು.

"ಬೇಗ ಕೈ ಎತ್ರೋ, ಟೀ ಆರ್ತಿದೆ," ಎಂದರು ಮೇಸ್ತ್ರಿ.

ಮೇಸ್ತ್ರಿಯ ನಾಲ್ಕು ಸುತ್ತಿನ ಗಂಟು ಗೆದ್ದಿತು. ನಾನೂ ಕೈ ಎತ್ತಿದೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ ಕೂಡ.

ಹೊಸದಾಗಿ ಕಟ್ಟಿದ ಗಂಟಿನಲ್ಲಿ ಮೊದಲು ಮೊಣಕಾಲೆತ್ತರದಲ್ಲಿ ನೇತಾಡಿ ನೋಡಬೇಕು. ಸಲಕರಣೆ ಕೋಣೆಯ ಹಿತ್ತಲಿನ ಮರದ ಕೆಳಗಿನ ಕೊಂಬೆಗೆ ಹಗ್ಗ ಹಾಕಿದೆವು. ಮೇಸ್ತ್ರಿ ಭಾರ ಬಿಟ್ಟಾಗ ಗಂಟು ಅವರನ್ನು ಮೂಟೆ ಕಟ್ಟಿದ ಹಾಗೆ ಅಲ್ಲಾಡದೆ ಹಿಡಿಯಿತು. ನಾನು ಭಾರ ಬಿಟ್ಟೆ. ಗಂಟು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಜಾರಿತು. ಮರದ ಹೊಟ್ಟಿನ ಮೇಲೆ ಹೋಗಿ ಕೂತೆ. ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೆ ಹೊಟ್ಟು.

"ಗಂಟಿನ ಕಣ್ಣಿಗೆ ನೀನು ಬೀಳ್ತಾನೇ ಇಲ್ಲ ಕಣಮ್ಮ," ಎಂದ ಉದ್ದಣ್ಣ.

ಮೇಸ್ತ್ರಿ ನಗಲಿಲ್ಲ. "ನಿಯಮ ನಿಂದೇ. ಈಗೇನ್ಮಾಡ್ತೀಯ?"

ಅವಮಾನವಾಯಿತು, ನಿಜ. ಆದರೆ ಅಕ್ಕ, ಅದಕ್ಕಿಂತ ಹೆಚ್ಚಾಗಿ ಕುತೂಹಲ ಹಿಡಿಯಿತು. ಅದೇ ಹಗ್ಗ, ಅವೇ ಸುತ್ತು. ಅವರನ್ನು ಹಿಡಿದದ್ದು ನನ್ನನ್ನೇಕೆ ಬಿಟ್ಟಿತು? ಕೆಲಸ ಮುಗಿದ ಮೇಲೆ ದಿನವೂ ಹಿತ್ತಲಲ್ಲೇ ಉಳಿದೆ. ಆರು ಸುತ್ತು ಹಾಕಿದೆ. ಎಷ್ಟು ಬಲವಾಗಿ ಕಚ್ಚಿತೆಂದರೆ ಕೆಳಗೆ ಬರಲಾರದೆ ಬಾವಲಿಯ ಹಾಗೆ ನೇತಾಡುತ್ತಿದ್ದೆ, ಉದ್ದಣ್ಣ ಕಾಲು ಹಿಡಿದು ಎತ್ತಬೇಕಾಯಿತು. ಹೊಸ ಹಗ್ಗ ನುಣುಪು, ಜಾರುತ್ತದೆ. ಸವೆದು ಜುಂಗೆದ್ದದ್ದು ಹಿಡಿಯುತ್ತದೆ. ಸುತ್ತುವ ಹಗ್ಗ ಸಣ್ಣದಾದಷ್ಟೂ ಕಚ್ಚು ಬಿಗಿ, ಮೈ ಹಗುರವಾದಷ್ಟೂ ಸಡಿಲ. ಕೊನೆಗೆ ಸ್ವಲ್ಪ ಸಣ್ಣ ಹಗ್ಗದಲ್ಲಿ ಐದು ಸುತ್ತು ಹಾಕಿದಾಗ, ಭಾರ ಬಿಟ್ಟ ಕೂಡಲೇ ಹಿಡಿಯಿತು. ಎರಡು ಬೆರಳಲ್ಲಿ ಒತ್ತಿದರೆ ಮೆಲ್ಲಗೆ ಇಳಿಸಿತು. ಆ ಸಂತೋಷವನ್ನು ಹೇಗೆ ಬರೆಯಲಿ.

ಮತ್ತೆ ಸಭೆ ಕರೆದು, ನನ್ನ ನಿರ್ಣಯವನ್ನು ನಾನೇ ವಿರೋಧಿಸಿ ಮಾತನಾಡಿದೆ. ಅವರವರ ಮೈಗೆ ಒಗ್ಗುವ ಗಂಟು ಅವರವರಿಗೆ. ಆದರೆ ಪರೀಕ್ಷಿಸುವವನಿಗೆ ಅದನ್ನು ಕಣ್ಣು ಮುಚ್ಚಿ ಕಟ್ಟಲು ಬರುವವರೆಗೆ ಕಲಿಸಬೇಕು. ಈಗ ಉದ್ದಣ್ಣ ನನ್ನ ಐದು ಸುತ್ತನ್ನು ಕಲಿಯುತ್ತ ಗೊಣಗುತ್ತಿದ್ದಾನೆ: "ಸಮಾನತೆ ಅಂತ ಶುರು ಮಾಡಿ ಮನೆಪಾಠಕ್ಕೆ ಇಳಿಸಿಬಿಟ್ಳು."

ನಿನ್ನ ಆರೋಗ್ಯ ನೋಡಿಕೋ. ರಾತ್ರಿಪಾಳಿಯ ಮರುದಿನ ಮಲಗು, ಓದುತ್ತ ಕೂರಬೇಡ. ಆಶೀರ್ವಾದಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ನಿನ್ನದು ಬಂದರೆ ಬೇಡ ಎನ್ನುವುದಿಲ್ಲ. ನೀನು ಕಲಿಯಹೊರಟದ್ದೆಲ್ಲ ನಿನ್ನ ಕೈಗೆ ಹತ್ತಲಿ.

ನಿನ್ನ ಪ್ರೀತಿಯ
ತಂಗಿ

ತಾ.ಕ.: ಒಂದನ್ನು ಮೇಲೆ ಬರೆಯಲಿಲ್ಲ. ಆ ನಾಲ್ಕು ಸುತ್ತಿನ ಗಂಟು ಕಳೆದ ವರ್ಷ ನನ್ನನ್ನೂ ಹಿಡಿಯುತ್ತಿತ್ತು. ನಾನು ಮರೆತಿದ್ದೆ, ಮೇಸ್ತ್ರಿ ಮರೆತಿರಲಿಲ್ಲ. ನನ್ನ ಸೊಂಟದ ಪಟ್ಟಿ ಎಳೆದು ನೋಡಿ, "ಮೈ ಎಲ್ಲಿಗೆ ಹೋಯ್ತಮ್ಮ? ಮೊದ್ಲು ಹೊಟ್ಟೆ ತುಂಬಾ ಊಟ ಮಾಡು. ಅಲ್ಲೀವರ್ಗೂ ಆ ಮರ ಹತ್ಸಲ್ಲ," ಎಂದಿದ್ದಾರೆ. ಹೆಣ್ಣು ತನ್ನ ಕಾಲ ಮೇಲೆ ನಿಲ್ಲಬೇಕು, ಹೋಗು ಅಂತ ಭಾಷಣ ಬಿಗಿದು ನಿನ್ನನ್ನು ಬಸ್ಸು ಹತ್ತಿಸಿದವಳು ನಾನೇ. ಅದು ಇಂದಿಗೂ ಸರಿ, ವಾದಕ್ಕೆ ಬರಬೇಡ. ಆದರೆ ಅಕ್ಕ, ನೀನು ಹೋದ ಮೇಲೆ ನನ್ನೊಬ್ಬಳಿಗೋಸ್ಕರ ಒಲೆ ಹಚ್ಚಲು ಕೈ ಬರುವುದಿಲ್ಲ. ನೀನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಹೌದು ಎಂದು ಬರೆದರೆ ನನಗೆ ಸಿಟ್ಟು ಬರುತ್ತದೆ. ಇಲ್ಲ ಎಂದು ಬರೆದರೆ ಅವತ್ತೇ ಬಸ್ಸು ಹತ್ತುತ್ತೇನೆ.