ಹಾಳು ಮಳೆಯ ಹಬ್ಬ

ನೆರಳೂರು
ಅರವತ್ತೊಂದನೆಯ ಸಂವತ್ಸರ, ಮೂರನೆಯ ಅಧಿಕ ಜ್ಯೇಷ್ಠ, ಬಿಸಿಲೇರುವ ಮುಂಚೆ

ಪುಷ್ಪಲತಾ ಅವರಿಗೆ,

ಮೇಲಿನ ತಾರೀಖು ನೋಡಿ ನೀವು ಹುಬ್ಬೇರಿಸುತ್ತೀರಿ ಎಂದು ಗೊತ್ತು. ನಿಮ್ಮ ಕಾಲದಲ್ಲಿ ಸಂವತ್ಸರಗಳು ಅರವತ್ತೇ ಇದ್ದವು. ಅಕ್ಷಯ ಮುಗಿದರೆ ಮತ್ತೆ ಪ್ರಭವ. ನಮ್ಮ ಹಿರಿಯರ ಕಾಲದಲ್ಲಿ ಒಮ್ಮೆ ಅಕ್ಷಯವೇನೋ ಮುಗಿಯಿತು, ಆದರೆ ಹೊಸ ವರ್ಷ ಬಂದ ಯಾವ ಗುರುತೂ ಕಾಣಲಿಲ್ಲ. ಗಿಡ ಚಿಗುರಲಿಲ್ಲ, ಮೋಡ ಕಟ್ಟಲಿಲ್ಲ. ಪಂಚಾಂಗ ಹಿಡಿದು ಕೂತವರು ಕಾದು ಕಾದು ಸಾಕಾಗಿ ಇನ್ನೊಂದು ಸಂವತ್ಸರ ಸೇರಿಸಿದರು, ಗುರುತು ಕಂಡ ಮೇಲೆ ಅದಕ್ಕೆ ಹೆಸರಿಟ್ಟರಾಯಿತು ಎಂದುಕೊಂಡರು. ನಾವೆಲ್ಲ ಆ ಹೆಸರಿಲ್ಲದ ಸಂವತ್ಸರದಲ್ಲೇ ಹುಟ್ಟಿದವರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಅದರಲ್ಲಿ ಅರ್ಧ ನಮ್ಮ ಊರಿನದು, ಇನ್ನರ್ಧ ನೀವು ನಿಮ್ಮ ಫೋಟೋಗಳ ಅಡಿಯಲ್ಲಿ ಬರೆದ ಸಾಲುಗಳಿಂದ ಕಲಿತದ್ದು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ನನ್ನ ಹೆಸರು ಚಿತ್ತೆ, ಕೆಲಸ ಫೋಟೋ ತೆಗೆಯುವುದು. ನಿಮ್ಮ ಕೆರೆ ಇದ್ದ ಜಾಗದಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಮ್ಮ ಊರು ಇದೆ. ಊರಿಗೆ ಊರೇ ಒಂದು ಚಪ್ಪರದ ಕೆಳಗಿದೆ. ಚಪ್ಪರ ಎಂದರೆ ನಿಮ್ಮ ಮದುವೆ ಮನೆಯದಲ್ಲ. ಬಿಸಿಲು ತಡೆಯುವ ಬಿಳಿ ಹೊದಿಕೆ, ಊರಿನ ಈ ತುದಿಯಿಂದ ಆ ತುದಿಯವರೆಗೆ ಬಿಗಿದು ಕಟ್ಟಿದ್ದು. ಬೆಳಗಿನ ಜಾವ ಅದರ ಒಳಮೈಗೆ ನಮ್ಮೆಲ್ಲರ ಉಸಿರು ಅಂಟಿ ತೇವವಾಗುತ್ತದೆ. ತೇವಗಾರರು ಎಂದು ಕರೆಯುವ ಹೆಂಗಸರು ಉದ್ದ ಕೋಲಿಗೆ ಬಟ್ಟೆ ಸುತ್ತಿ ಅದನ್ನು ಒರೆಸಿ, ಹಿಂಡಿ, ಮನೆಮನೆಗೆ ಹಂಚುತ್ತಾರೆ. ಅದರಲ್ಲೇ ಅಡುಗೆ, ಅದರಲ್ಲೇ ಮುಖ ತೊಳೆಯುವುದು. ಬೇಸರದಿಂದ ಹೇಳುತ್ತಿಲ್ಲ. ನಮಗೆ ಇದು ರೂಢಿ, ನಿಮಗೆ ನಲ್ಲಿ ಇದ್ದ ಹಾಗೆ.

ಊರಿನ ನಡುವೆ ಋತುಗೋಡೆ ಇದೆ. ನೀವು ದಿನವೂ ಕೆರೆಯ ಏರಿಯ ಮೇಲೆ ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು, ನಿಮ್ಮ ಮೊಮ್ಮಗಳು ಯಾರೋ ಅಡಿಯ ಸಾಲುಗಳ ಸಮೇತ ಕಾಗದಕ್ಕೆ ಇಳಿಸಿ ಇಟ್ಟಿದ್ದಳಂತೆ. ಅವು ಹೇಗೋ ನಮ್ಮವರೆಗೆ ಬಂದವು. ತಿಂಗಳಿಗೆ ತಕ್ಕಂತೆ ಅವನ್ನು ಆ ಗೋಡೆಗೆ ಹಾಕುತ್ತಾರೆ, ನಮ್ಮ ಋತುಗಳೆಂದರೆ ಅಷ್ಟೇ. ಸಂವತ್ಸರ ಮುಗಿಯದಿದ್ದರೂ, ಗೋಡೆಯ ಚಿತ್ರಗಳು ಒಂದು ಸುತ್ತು ಬಂದರೆ ನಮಗೆ ಒಂದು ವರ್ಷದ ಲೆಕ್ಕ. ಚೈತ್ರದಲ್ಲಿ ನಿಮ್ಮ ಹೊಂಗೆಯ ಚಿಗುರು ಗೋಡೆಗೆ ಬಂದಾಗ ಜನ ಹೊಸ ಬಟ್ಟೆ ಉಡುತ್ತಾರೆ. ಫಾಲ್ಗುಣದಲ್ಲಿ ಎಲೆಯೇ ಇಲ್ಲದ ಮುತ್ತುಗದ ಮೇಲೆ ಕೆಂಪು ಹೂ ಬಂದರೆ ಹುಡುಗಿಯರು ಅದರ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಾರೆ. ಪುಷ್ಯದಲ್ಲಿ ಕೆರೆಯ ಮೇಲಿನ ಮಂಜು. ಆಗ ನಡುಗುವ ಶಾಸ್ತ್ರ ಇರುತ್ತದೆ. ಹೊರಗೆ ಹಂಚು ಕಾದ ಹಾಗೆ ನೆಲ ಕಾದಿದ್ದರೂ ಎಲ್ಲರೂ ಶಾಲು ಹೊದ್ದು, ಆ ಚಿತ್ರದ ಮುಂದೆ ಮರ್ಯಾದೆಗೆ ಸ್ವಲ್ಪ ನಡುಗಿ ಬರುತ್ತಾರೆ. ನಾನೂ ನಡುಗಿದ್ದೇನೆ, ಬೆವರು ಒರೆಸಿಕೊಳ್ಳುತ್ತಾ.

ಇಷ್ಟೆಲ್ಲ ಮರ್ಯಾದೆ ನಿಮಗೆ ಸಲ್ಲುತ್ತಿದೆಯಲ್ಲ, ನಿಮಗೆ ಫೋಟೋ ತೆಗೆಯಲು ಬರುತ್ತಿತ್ತೇ? ಕಸುಬು ಗೊತ್ತಿರುವವಳಾಗಿ ಕೇಳುತ್ತಿದ್ದೇನೆ. ಕೆರೆಯ ಅಂಚು ಒಂದು ಚಿತ್ರದಲ್ಲೂ ನೆಟ್ಟಗಿಲ್ಲ, ನೀರೆಲ್ಲ ಎಡಗಡೆಗೆ ಸುರಿದು ಹೋಗುವಂತೆ ವಾರೆಯಾಗಿದೆ. ಹೊಂಗೆ ಮರದ ತುದಿ ಕತ್ತರಿಸಿ ಹೋಗಿದೆ. ಮೂಲೆಯಲ್ಲಿ ಆಗಾಗ ನಿಮ್ಮ ಬೆರಳು. ಆ ಬೆರಳಿಗೆ ಇಲ್ಲಿ ಮಕ್ಕಳು ಮುತ್ತು ಕೊಟ್ಟು ಹೋಗುತ್ತಾರೆ, ಗೋಡೆಯ ಆ ಮೂಲೆ ಸವೆದಿದೆ. ನಾನು ಬೆಳಕಿಗಾಗಿ ಕಾಯುತ್ತೇನೆ, ಅಳೆಯುತ್ತೇನೆ, ಉಸಿರು ಹಿಡಿದು ಒತ್ತುತ್ತೇನೆ. ಒಣಗಿದ ಕೆರೆಯಂಗಳದ ಬಿರುಕುಗಳನ್ನು, ಗೋಡೆಯ ಮೇಲೆ ತೇವ ಆರಿ ಉಳಿದ ಉಪ್ಪಿನ ಗೆರೆಗಳನ್ನು, ಚಪ್ಪರದ ಹೊಲಿಗೆ ಬಿಟ್ಟ ಕಡೆ ಒಳಗೆ ಬೀಳುವ ಬಿಸಿಲಿನ ಕೋಲನ್ನು ನನ್ನಷ್ಟು ಚೆಂದ ಯಾರೂ ತೆಗೆದಿಲ್ಲ. ಅವನ್ನು ಹಿಡಿದು ಗೋಡೆ ನೋಡಿಕೊಳ್ಳುವ ರೋಹಿಣಜ್ಜಿಯ ಹತ್ತಿರ ಹೋಗಿದ್ದೆ. ಅಜ್ಜಿ ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. "ಚೆನ್ನಾಗೈತೆ ಕಣವ್ವ" ಎಂದರು. "ಆದ್ರೆ ಇದ್ನ ನೋಡಾಕೆ ಗೋಡೆ ಯಾಕೆ ಬೇಕು? ಬಾಗ್ಲು ತೆಗುದ್ರೆ ಕಾಣ್ತದೆ."

ಇನ್ನು ಹಾಳು ಮಳೆಯ ವಿಷಯ. ನಮ್ಮಲ್ಲಿ ಮಕ್ಕಳಿಗೆ ಮಳೆಗಳ ಹೆಸರಿಡುತ್ತಾರೆ. ರೋಹಿಣಿ, ಆರಿದ್ರೆ, ಮಖೆ, ಹಸ್ತೆ, ಸ್ವಾತಿ. ನಾನು ಚಿತ್ತೆ. ಈ ಹೆಸರುಗಳು ಪಂಚಾಂಗದಲ್ಲಿದ್ದವು. ಆದರೆ ನಿಮ್ಮ ಫೋಟೋಗಳ ಅಡಿಯಲ್ಲಿ, ನೀವೇ ಬರೆದ ಸಾಲುಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಮಳೆ ಪಂಚಾಂಗದಲ್ಲಿ ಇರಲಿಲ್ಲ. ಕಪ್ಪು ಮೋಡ ಕವಿದ ಕೆರೆಯ ಅಡಿಯಲ್ಲಿ 'ಹಾಳು ಮಳೆ'. ಹೊಂಗೆಯ ಕೆಳಗೆ ಜನ ಒತ್ತೊತ್ತಾಗಿ ನಿಂತ ಚಿತ್ರಕ್ಕೆ 'ಮತ್ತೆ ಹಾಳು ಮಳೆ'. ಕೋಡಿ ಬಿದ್ದ ನೀರಿಗೆ 'ಹಾಳು ಮಳೆ ನಿಲ್ಲುವ ಹಾಗೆ ಕಾಣುತ್ತಿಲ್ಲ'. ಹಿರಿಯರು ಕೂತು ಯೋಚಿಸಿದರು. ಬೇರೆ ಮಳೆಗಳು ತಮ್ಮ ತಮ್ಮ ಹೊತ್ತಿಗೆ ಬಂದು ಹೋಗುತ್ತವೆ. ಇದೊಂದು ಮಾತ್ರ ಆಷಾಢದಲ್ಲೂ ಬಂದಿದೆ, ಕಾರ್ತಿಕದಲ್ಲೂ ಬಂದಿದೆ, ಬಂದರೆ ಹೋಗುವುದಿಲ್ಲ. ಹಾಗಾಗಿ ಇದೇ ಎಲ್ಲ ಮಳೆಗಳ ಒಡತಿ ಎಂದು ತೀರ್ಮಾನವಾಯಿತು. ವರ್ಷಕ್ಕೊಮ್ಮೆ ಹಾಳು ಮಳೆಯ ಹಬ್ಬ ಮಾಡುತ್ತೇವೆ. ಎಲ್ಲರೂ ಕೊಡೆ ಬಿಡಿಸಿ ಗೋಡೆಯ ಮುಂದೆ ನಿಲ್ಲುತ್ತಾರೆ, ಅಜ್ಜಿ ಒಂದು ಚಮಚ ನೀರನ್ನು ಮೇಲಕ್ಕೆ ಚಿಮ್ಮುತ್ತಾರೆ, ಯಾರ ಕೊಡೆಯ ಮೇಲೆ ಹನಿ ಬಿತ್ತೋ ಅವರಿಗೆ ಆ ವರ್ಷ ಶುಭ. ವರ್ಷಕ್ಕೆ ಒಂದೇ ಮಗುವಿಗೆ ಆ ಹೆಸರಿಡಬಹುದು. ನನ್ನ ಮಗಳಿಗೆ ಅದು ಸಿಕ್ಕಿದಾಗ ಪಕ್ಕದ ಮನೆಯವರು ಎಷ್ಟೋ ದಿನ ನಮ್ಮ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಆಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಮಗಳು, ಹಾಳುಮಳೆ, ಈಗ ಮದುವೆಯ ವಯಸ್ಸಿಗೆ ಬಂದಿದ್ದಾಳೆ. ಚಿಕ್ಕಂದಿನಿಂದ ಕ್ಯಾಮೆರಾ ಕಲಿಸಿದ್ದೇನೆ. ಕೈ ನಡುಗುವುದಿಲ್ಲ, ಕಣ್ಣು ನನ್ನದಕ್ಕಿಂತ ಚುರುಕು. ನನ್ನ ನಂತರ ಈ ಕಸುಬು ಅವಳದೇ ಎಂದುಕೊಂಡಿದ್ದೆ. ಈ ವರ್ಷ ಒಂದು ದಿನ ಊಟಕ್ಕೆ ಕೂತಾಗ, ತಾನು ರೋಹಿಣಜ್ಜಿಯ ನಂತರ ಗೋಡೆಯವಳಾಗುತ್ತೇನೆ ಎಂದಳು. ಗೋಡೆಯವಳೆಂದರೆ ನಿಮ್ಮ ಫೋಟೋಗಳ ಧೂಳು ಒರೆಸಿ, ತಿಂಗಳು ತಿಂಗಳಿಗೆ ಬದಲಾಯಿಸಿ, ಬಂದವರಿಗೆ ವಿವರಿಸುವವಳು. ಅವಳು ತಾನೇ ಫೋಟೋ ತೆಗೆಯುವ ಹಾಗಿಲ್ಲ, ಹಬ್ಬದ ದಿನ ಎಲ್ಲರ ಮುಂದೆ ಹಾಗೆಂದು ಮಾತು ಕೊಡಬೇಕು. ಯಾಕೆ ಎಂದು ಕೇಳಿದೆ. ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ನೀನು ತೆಗ್ದಿದ್ರಲ್ಲಿ ಎಲ್ಲಾ ನಿಂತ್ಬಿಟ್ಟಿರುತ್ತಮ್ಮ. ಪುಷ್ಪಲತಮ್ಮನ ಫೋಟೋದಲ್ಲಿ ಏನೋ ಬರ್ತಾ ಇರುತ್ತೆ, ಇಲ್ಲಾ ಹೋಗ್ತಾ ಇರುತ್ತೆ." ಸತ್ತು ಎಷ್ಟು ತಲೆಮಾರು ಕಳೆದರೂ ನೀವು ನನ್ನ ಮನೆಗೆ ಬಂದು ನನ್ನ ಮಗಳನ್ನು ಕರೆದುಕೊಂಡು ಹೊರಟಿರಿ.

ಆಮೇಲೆ ನಾನು ನಿಮ್ಮಲ್ಲಿ ತಪ್ಪು ಹುಡುಕಲು ಕೂತೆ. ಗೋಡೆಯ ಹಿಂದಿನ ಕೋಣೆಯಲ್ಲಿ, ಋತುವಿಲ್ಲದ ಚಿತ್ರಗಳು ಎಂದು ಹಿರಿಯರು ಪಕ್ಕಕ್ಕಿಟ್ಟ ನಿಮ್ಮ ಫೋಟೋಗಳ ಒಂದು ಕಟ್ಟು ಇತ್ತು. ಯಾರೂ ಅದನ್ನು ಬಿಚ್ಚಿ ನೋಡುತ್ತಿರಲಿಲ್ಲ. ಖಾಲಿ ರಸ್ತೆಯ ಒಂದು ಚಿತ್ರದ ಅಡಿಯಲ್ಲಿ 'ಹಾಳು ಬಸ್ಸು ಇವತ್ತೂ ಲೇಟು' ಎಂದಿತ್ತು. ಹಾಳು ಮಳೆಯ ಕಾಲದಲ್ಲಿ ಮಾತ್ರ ಓಡುವ ಬಸ್ಸು ಇರಬೇಕು ಎಂದುಕೊಂಡೆ. ಇನ್ನೊಂದರಲ್ಲಿ ಹೊಂಗೆಯ ಮುಂದೆ ಅಡ್ಡ ಬಂದ ನಾಯಿ, 'ಹಾಳು ನಾಯಿ'. ಊದಿಕೊಂಡ ಕೈಯ ಚಿತ್ರಕ್ಕೆ 'ಹಾಳು ಸೊಳ್ಳೆ' ಎಂದಿದ್ದಾಗ ನನಗೆ ಅನುಮಾನ ಹುಟ್ಟಿತು. ಕೊನೆಗೆ ಮೊಣಕಾಲವರೆಗೆ ಕೆಸರು ಮೆತ್ತಿದ ಒಂದು ಸೀರೆಯ ಅಂಚು, ಅದರ ಕೆಳಗೆ, 'ಹಾಳು ಮಳೆ, ಹೊಸ ಸೀರೆ ಹೋಯಿತು'. ನಮ್ಮ ಮಾತಿನಲ್ಲಿ 'ಹಾಳು' ಎಂಬ ಪದ ಉಳಿದಿರಲಿಲ್ಲ. ಇಡೀ ಊರು ಹಾಗೇ ಇರುವಾಗ ಅದಕ್ಕೊಂದು ಪದ ಬೇಕಾಗುವುದಿಲ್ಲ ಎಂದು ಕಾಣುತ್ತದೆ. ಆದರೆ ಅಲ್ಲಿ ಕೂತು ನನಗೆ ಗೊತ್ತಾಯಿತು. ಅದು ಹೆಸರಲ್ಲ, ಬೈಗುಳ. ನೀವು ಮಳೆಯನ್ನು ಬೈಯುತ್ತಿದ್ದಿರಿ.

ಪುಷ್ಪಲತಾ ಅವರೇ, ಆ ಕ್ಷಣ ನನಗೆ ಮೈ ಉರಿದುಹೋಯಿತು. ಕೊಡೆ ಹಿಡಿದು ಒಂದು ಹನಿಗೆ ಕಾಯುವವರು ನಾವು. ನಿಮಗೆ ಅದು ಬೈದು ಬಿಸಾಕುವಷ್ಟು ಸಿಕ್ಕಿತ್ತು. ಇದ್ದವರಿಗೇ ಇಂಥ ಸೊಕ್ಕು ಬರುವುದು. ಸಿಟ್ಟಿನ ಹಿಂದೆಯೇ ಸಂತೋಷವೂ ಬಂತು, ಒಳ್ಳೆಯ ಸಂತೋಷವಲ್ಲ. ಈ ಒಂದು ಮಾತು ಮಗಳಿಗೆ ಹೇಳಿದರೆ ಸಾಕಿತ್ತು. ನಿನ್ನ ಪುಷ್ಪಲತಮ್ಮ ಸೀರೆ ಕೆಸರಾಯಿತೆಂದು ಹಾಕಿದ ಶಾಪವನ್ನು ಹೊತ್ತು ತಿರುಗುತ್ತಿದ್ದೀಯ ಎಂದರೆ, ಅವಳು ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ, ನನ್ನ ಕ್ಯಾಮೆರಾ ಹಿಡಿಯುತ್ತಾಳೆ. ಅವಳ ಹೆಸರು ಏನಾಗುತ್ತದೆ ಎಂದು ನಾನು ಯೋಚಿಸಲಿಲ್ಲ. ಯೋಚಿಸಲು ಇಷ್ಟವಿರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ, ಕೊನೆಯ ಸಲ ಒಂದು ಫೋಟೋ ತೆಗೆಯೋಣ ಬಾ ಎಂದು ಅವಳನ್ನು ಚಪ್ಪರದ ಹೊರಗೆ ಕರೆದುಕೊಂಡು ಹೋದೆ. ನೀವು ನಿಲ್ಲುತ್ತಿದ್ದ ಏರಿಯ ಮೇಲೇ ಹೇಳಬೇಕು ಎಂಬುದು ನನ್ನ ಹಟ. ನಿಮ್ಮ ಹೊಂಗೆಯ ಬೊಡ್ಡೆ ಇನ್ನೂ ಇದೆ, ಕಲ್ಲಿನಷ್ಟು ಗಟ್ಟಿ. ಕ್ಯಾಮೆರಾ ನಿಲ್ಲಿಸಿ ನೋಡಿದರೆ, ಅವತ್ತಿನ ಬೆಳಕನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆಕಾಶ ತಾಮ್ರದ ಬಣ್ಣ, ಬೊಡ್ಡೆಯ ನೆರಳು ಕೆರೆಯಂಗಳದ ಬಿರುಕುಗಳ ಮೇಲೆ ಉದ್ದಕ್ಕೆ ಮಲಗಿದೆ, ಅಂಚು ನೆಟ್ಟಗೆ ಗೆರೆ ಎಳೆದ ಹಾಗಿದೆ. ಮಗಳಿಗೆ ಹೇಳುವುದನ್ನೂ ಮರೆತೆ. ಅವಳು ಕೆಳಗೆ ಕೆರೆಯಂಗಳಕ್ಕೆ ಇಳಿದು ಅಲ್ಲೆಲ್ಲೋ ನಡೆಯುತ್ತಿದ್ದಳು. ನಾನು ಉಸಿರು ಹಿಡಿದೆ. ಒತ್ತಬೇಕು, ಅಷ್ಟರಲ್ಲಿ ಬೆಳಕು ಆರಿತು. ಮಸೂರದ ಮೇಲೆ ಟಪ್ಪೆಂದು ಏನೋ ಬಿತ್ತು, ಹಿಂದೆಯೇ ಇನ್ನೊಂದು. ಕೈ ಅಡ್ಡ ಹಿಡಿಯಲು ಹೋಗಿ ಕ್ಯಾಮೆರಾ ವಾಲಿತು, ಬೆರಳು ಗುಂಡಿಯ ಮೇಲೆ ಒತ್ತಿತು. ಜೀವಮಾನದ ಚಿತ್ರ ಕೈತಪ್ಪಿ ಹೋಯಿತು. ಹೊಟ್ಟೆಯೊಳಗಿನಿಂದ ಬಂತು ನೋಡಿ, ಗಟ್ಟಿಯಾಗಿ ಕೂಗಿಬಿಟ್ಟೆ: "ಹಾಳು ಮಳೆ."

ಏನು ಹೇಳಿದೆ ಎಂದು ನನಗೇ ತಿಳಿಯುವ ಮುಂಚೆ ಕೆಳಗಿನಿಂದ ಅವಳು "ಬಂದೇ" ಎಂದಳು. ಓಡಿ ಬಂದಳು, ತಲೆಯೆಲ್ಲ ಒದ್ದೆ, ಮುಖದ ಮೇಲಿಂದ ಇಳಿಯುತ್ತಿರುವುದು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಮಳೆ ನೋಡಿದ್ದೇ ಇಲ್ಲ. ನಾನು ಒಮ್ಮೆ ಅಮ್ಮನ ಕಂಕುಳಲ್ಲಿದ್ದಾಗ ನೋಡಿದ್ದೆನಂತೆ. "ಯಾಕಮ್ಮ ಹಂಗೆ ಕೂಗಿದೆ?" ಎಂದು ಕೇಳಿದಳು. ಹೇಳಬೇಕೆಂದು ಕರೆತಂದಿದ್ದ ಮಾತು ನಾಲಗೆಯ ಮೇಲೇ ಇತ್ತು. "ಏನಿಲ್ಲ, ನಿನ್ನನ್ನೇ ಕರೆದೆ" ಎಂದೆ. ನನ್ನ ಸೆರಗಿನ ಕೆಳಗೆ ಕ್ಯಾಮೆರಾ ಮುಚ್ಚಿಟ್ಟು, ಅವಳನ್ನು ಹಿಡಿದುಕೊಂಡು ಆ ಬೊಡ್ಡೆಯ ಮೇಲೆ ಕೂತೆ. ಇಬ್ಬರೂ ಚೆನ್ನಾಗಿ ನೆನೆದೆವು.

ಅವಳು ಗೋಡೆಯವಳಾಗಿದ್ದಾಳೆ, ತಡೆಯಲು ನನ್ನಿಂದ ಆಗಲಿಲ್ಲ. ಸಂವತ್ಸರಕ್ಕೆ ಈಗ ಹೆಸರಿಡಬಹುದೇ ಎಂದು ಹಿರಿಯರು ಜಗಳವಾಡುತ್ತಿದ್ದಾರೆ. ಮಳೆ ಇನ್ನೊಂದು ಸಲ ಬರಲಿ, ನೋಡೋಣ ಎಂಬುದು ಹೆಚ್ಚಿನವರ ಮಾತು. ಅವತ್ತಿನ ಫೋಟೋ ತೊಳೆದು ನೋಡಿದೆ. ಕೆರೆ ವಾರೆಯಾಗಿದೆ, ಬೊಡ್ಡೆ ಅರ್ಧ ಕತ್ತರಿಸಿ ಹೋಗಿದೆ, ಮೂಲೆಯಲ್ಲಿ ನನ್ನ ಬೆರಳು, ಉಳಿದದ್ದೆಲ್ಲ ಹನಿಗಳ ಮಸುಕು. ನಾಚಿಕೆಯಾಗಿ ಅಡಗಿಸಿಟ್ಟಿದ್ದೆ. ಮಗಳು ಹುಡುಕಿ ತೆಗೆದು, ಗೋಡೆಯ ಮೇಲೆ ನಿಮ್ಮ ಫೋಟೋಗಳ ಪಕ್ಕದಲ್ಲಿ ಹಾಕಿದ್ದಾಳೆ. ಅಡಿಯಲ್ಲಿ ಏನು ಬರೆಯಲಿ ಎಂದು ಕೇಳಿದಳು. ನಿಮ್ಮ ಎರಡು ಪದಗಳನ್ನೇ ಹೇಳಿದೆ.

ಈ ಪತ್ರವನ್ನು ಆ ಫೋಟೋದ ಹಿಂದೆ ಸಿಕ್ಕಿಸುತ್ತೇನೆ, ತಲುಪುವ ದಾರಿ ಇದ್ದರೆ ತಲುಪಲಿ. ತಲುಪಿದರೆ ಒಂದೇ ಬೇಡಿಕೆ. ಮಳೆಯನ್ನು ಬೈಯುವುದನ್ನು ನಿಲ್ಲಿಸಬೇಡಿ, ಆದರೆ ಬೈಯುತ್ತಲೇ ಫೋಟೋ ತೆಗೆಯಿರಿ. ಇನ್ನು ಮೇಲೆ ಹೊಟ್ಟೆಕಿಚ್ಚು ಪಡುವ ಸರದಿ ನಿಮ್ಮದು. ನೀವು ಅಷ್ಟು ವರ್ಷ ಬೈದಿರಿ, ನಿಮ್ಮ ಬೈಗುಳಕ್ಕೆ ಯಾರೂ ಓಗೊಡಲಿಲ್ಲ. ನಾನು ಒಂದೇ ಸಲ ಬೈದೆ, ನನಗೆ ಅವಳು ಓಡಿ ಬಂದಳು.

ಇಂತಿ,
ಹಾಳುಮಳೆಯ ತಾಯಿ ಚಿತ್ತೆ