ಗಂಡು ಮೊಲಕ್ಕೆ ಮೂರು ಹನಿ

ಬಮಾಕೊ, ಗುರುವಾರ

ಅಜ್ಜಿಗೆ ಸಿತಾನಳ ನಮಸ್ಕಾರ.

ಇಲ್ಲಿಯ ಪ್ರಯೋಗಶಾಲೆಯಲ್ಲಿ ಮೊಲದ ಕರುಳಿನ ತುಂಡನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟರೆ ತಾಸುಗಟ್ಟಲೆ ಕುಣಿಯುತ್ತದೆ. ಹೊಟ್ಟೆನುಲಿತಕ್ಕೆ ನೀನು ಕೊಡುವ ತೊಗಟೆಯ ಕಷಾಯವನ್ನು ನಿನ್ನೆ ಅದಕ್ಕೆ ಹಾಕಿದೆ. ಗಂಡಸರಿಗೆ ಮೂರು ಬಟ್ಟಲು, ಹೆಂಗಸರಿಗೆ ನಾಲ್ಕು ಎಂಬುದು ನಿನ್ನ ಲೆಕ್ಕ. ಮೊಲ ಗಂಡು, ಹಾಗಾಗಿ ಮೂರು ಹನಿ. ಮೊದಲನೆಯದಕ್ಕೆ ಕುಣಿತ ನಿಧಾನವಾಯಿತು, ಮೂರನೆಯದಕ್ಕೆ ನಿಂತೇಹೋಯಿತು.

“ಅಲಸಂದೆ ತಿನ್ನೋ ತ್ರಾವೊರೆ, ಕರುಳಿಗೂ ಗಂಡು ಹೆಣ್ಣು ಅಂತ ಲೆಕ್ಕ ಇದೆಯೇನೇ?” ಎಂದರು ನಮಗೆ ಪಾಠ ಹೇಳುವ ಜಾರಾ ಮೇಡಂ. ನಮ್ಮ ತ್ರಾವೊರೆ ಮನೆತನದವರನ್ನು ಅಲಸಂದೆ ಹೆಸರಲ್ಲಿ ಛೇಡಿಸುವುದು ಜಾರಾ ಮನೆತನದವರಿಗೆ ಇಲ್ಲೂ ಬಿಟ್ಟಿಲ್ಲ. ಕ್ಯಾಲ್ಸಿಯಂ ಒಳಗೆ ಹೋದರೆ ಮಾತ್ರ ಕರುಳು ಹಿಂಡುತ್ತದಂತೆ, ತೊಗಟೆ ಆ ಬಾಗಿಲನ್ನೇ ಮುಚ್ಚುತ್ತದಂತೆ. ನಾಲ್ಕು ಸಲ ತೊಳೆದರೂ ಕರುಳು ಏಳಲಿಲ್ಲ.

ನಾನು ಆರೋಗ್ಯ. ನಿನ್ನ ಕಷಾಯ ಕುಡಿಯುತ್ತಿರುವ ತಾತನಿಗೆ ಐದು ದಿನದಿಂದ ಹೊರಕಡೆಗೆ ಆಗಿಲ್ಲವೆಂದು ಅಮ್ಮ ಬರೆದಿದ್ದಾಳೆ. ಈ ಕಾರ್ಡು ಒಯ್ಯುವ ಬಸ್ಸು ಹೊರಡುತ್ತಿದೆ. ಕಾರ್ಡು ಓದಿಸಿಕೊಂಡ ಕೂಡಲೇ ಅವರ ಬಟ್ಟಲನ್ನು ಬೋರಲು ಹಾಕು.

ಸಿತಾನ್